ಕೇರಿಯ ಮಗ್ಗುಲಲ್ಲೊಂದು ಮನೆ: ರಾಯಚೂರು, ದೇವದುರ್ಗ, ಮಾನ್ವಿಯ ಕ್ಯಾಥೊಲಿಕ್ ಸಮುದಾಯ ಜೀವನ



ಕನ್ನಡಕ್ಕೂ ಮಿಷನರಿಗಳಿಗೂ ಇರುವ ನಂಟಿನ ಮಾತು ಬಂದರೆ ನಮ್ಮ ನಾಲಿಗೆ ತಾನಾಗಿ ಮಂಗಳೂರಿನ ಕಡೆ ಹೊರಳುತ್ತದೆ. 1843ರ ‘ಮಂಗಳೂರ ಸಮಾಚಾರ’, ಅದನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಅಚ್ಚುಕೂಟ, ಹೆಂಚಿನ ಕಾರ್ಖಾನೆ. ಇವೆಲ್ಲ ಪ್ರಾಟೆಸ್ಟೆಂಟರ ಕೆಲಸ, ಹೆಚ್ಚಾಗಿ ಕರಾವಳಿ ಮತ್ತು ಧಾರವಾಡ ಸೀಮೆಯ ಕೆಲಸ. ಆ ಋಣವನ್ನು ನಾವು ಮರೆತಿಲ್ಲ. ಆದರೆ ಪುಸ್ತಕ ಬರೆದವರನ್ನು ನೆನೆಯುವಷ್ಟು ಸುಲಭವಾಗಿ, ಪುಸ್ತಕ ಬರೆಯದೆ ಒಂದು ಊರಲ್ಲಿ ಬಂದು ಬಾಳಿದವರನ್ನು ನೆನೆಯುವುದಿಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬಿನಲ್ಲಿ, ರಾಯಚೂರು ನಗರದಲ್ಲಿ, ದೇವದುರ್ಗದಲ್ಲಿ, ಮಾನ್ವಿಯಲ್ಲಿ ಕ್ಯಾಥೊಲಿಕ್ ಗುರುಗಳೂ ಕನ್ಯಾಸ್ತ್ರೀಯರೂ ಕಟ್ಟಿಕೊಂಡ ಮನೆಗಳ ಬಗ್ಗೆ ಇಂದು ಮಾತಾಡುತ್ತೇನೆ. ಅವರು ನಡೆಸುವ ಶಾಲೆ, ಹಾಸ್ಟೆಲುಗಳಿಗಿಂತ ಅವರು ಬಾಳುವ ರೀತಿಯೇ ಈ ಸೀಮೆಗೆ ಹೆಚ್ಚಿನದನ್ನು ಕೊಟ್ಟಿದೆ ಎಂಬುದು ನನ್ನ ವಾದ.

ಮೊದಲು ಆ ಬಾಳು ಹೇಗಿರುತ್ತದೆ ಎಂದು ನೋಡೋಣ. ಒಂದು ಸಣ್ಣ ಮನೆ. ಅದರಲ್ಲಿ ಮೂವರು, ನಾಲ್ವರು, ಹೆಚ್ಚೆಂದರೆ ಐದಾರು ಮಂದಿ. ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ಮಲಯಾಳಂ, ಮತ್ತೊಬ್ಬರದು ತೆಲುಗು ಅಥವಾ ತಮಿಳು. ರಕ್ತಸಂಬಂಧ ಇಲ್ಲ, ಒಬ್ಬರನ್ನೊಬ್ಬರು ಆರಿಸಿಕೊಂಡೂ ಬಂದವರಲ್ಲ; ಮೇಲಿನವರು ಕಳುಹಿಸಿದ ಊರಿಗೆ ಬಂದವರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳಲ್ಲಿ ನಮ್ಮ ಕಣ್ಣಿಗೆ ಬೇಗ ಬೀಳುವುದು ಎರಡನೆಯದು. ದಿನದಿನದ ಬದುಕಿನಲ್ಲಿ ಕಠಿಣವಾದದ್ದು ಮೊದಲನೆಯದು. ಶಾಲೆಯಲ್ಲಿ ಕಲಿಸುವ ಸಿಸ್ಟರಿಗೆ ಬರುವ ಸಂಬಳ ಅವರದಲ್ಲ, ಮನೆಯ ಒಂದೇ ಗಂಟಿಗೆ ಸೇರುತ್ತದೆ. ಚಪ್ಪಲಿ ಹರಿದರೂ ಮನೆಯ ಹಿರಿಯರನ್ನು ಕೇಳಿಯೇ ಹೊಸದನ್ನು ತರಬೇಕು. ನಸುಕಿಗೆ ಎದ್ದು ಪ್ರಾರ್ಥನೆ, ಪೂಜೆ. ಆಮೇಲೆ ಶಾಲೆ, ದವಾಖಾನೆ, ಹಳ್ಳಿ. ಸಂಜೆ ಮತ್ತೆ ಜಪಸರ. ರಾತ್ರಿ ಎಲ್ಲರೂ ಒಂದೇ ಮೇಜಿಗೆ. ಜೋಳದ ರೊಟ್ಟಿ, ಪುಂಡಿಪಲ್ಯ ಕೇರಳದ ನಾಲಿಗೆಗೆ ಒಗ್ಗುವುದಕ್ಕೆ ವರ್ಷ ಹಿಡಿಯುತ್ತದೆ. ಹೀಗೆ ಒಗ್ಗಿದವರು ಬಾಗಿಲಿಗೆ ಬಂದ ಹೆಣ್ಣುಮಗಳನ್ನು “ಬರ್ರಿ, ಕುಂದರ್ರಿ, ಯಾಕ ಬಂದೀರಿ” ಎಂದು ಕೇಳುವಾಗ, ಅದು ತರಬೇತಿ ಕೇಂದ್ರದಲ್ಲಿ ಕಲಿತ ಕನ್ನಡವಾಗಿರುವುದಿಲ್ಲ.

ಈ ಜಿಲ್ಲೆಗೆ ಕ್ಯಾಥೊಲಿಕರು ಹೊಸಬರೇನಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಅವನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಇದ್ದರು ಎಂಬುದು ನಮಗೆಲ್ಲ ಗೊತ್ತು. ಅದು ಯುದ್ಧದ ಮಾತು, ಅದನ್ನು ಧರ್ಮದ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕತೆ ಬೇರೆ. ಅಲ್ಲಿಗೆ 16ನೇ ಶತಮಾನದಲ್ಲೇ ಗೋವೆಯ ಕಡೆಯಿಂದ ಪಾದ್ರಿಗಳು ಬಂದರು. ಬಿಜಾಪುರದ ಆದಿಲಶಾಹಿ ಅರಸರು ಅಲ್ಲಿಯ ಚರ್ಚಿಗೆ ಸನದು ಕೊಟ್ಟು ದತ್ತಿ ಬಿಟ್ಟರು ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಇಂದಿನ ಈ ದತ್ತಿ ಉಪನ್ಯಾಸದಲ್ಲಿ ಆ ಹಳೆಯ ದತ್ತಿಯನ್ನು ನೆನೆಯುವುದು ನನಗೆ ಸಂತೋಷ: ಮುಸ್ಲಿಂ ಅರಸ, ಕ್ರೈಸ್ತ ಗುಡಿ, ಕನ್ನಡದ ಒಕ್ಕಲು. ಮೊಹರಂ ಹಬ್ಬಕ್ಕೆ ನಾಡಿನಲ್ಲೆಲ್ಲ ಹೆಸರಾದ ಊರು ಇದೇ ಮುದಗಲ್. ಜಗನ್ನಾಥದಾಸರ ಮಾನ್ವಿ, ಮುದಗಲ್ಲಿನ ಮೊಹರಂ, ಕೃಷ್ಣೆಯ ಆಚೆ ದಡದಲ್ಲಿ ತಿಂಥಣಿ ಮೌನೇಶ್ವರ. ಹೊರಗಿನಿಂದ ಬಂದ ಸಾಧುವನ್ನು ಅನುಮಾನಿಸುವುದಕ್ಕೆ ಮುಂಚೆ ನೀರು ಕೊಟ್ಟು ಕೂರಿಸುವ ಮಣ್ಣು ಇದು.

ಇಂದು ನಾವು ಕಾಣುವ ಮನೆಗಳ ಬೇರು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಬಿಷಪ್ ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್. ರಾಯಚೂರು, ಕೊಪ್ಪಳ ಜಿಲ್ಲೆಗಳೂ ಈಗ ಅದರ ವ್ಯಾಪ್ತಿಯಲ್ಲಿವೆ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗೆ ಬಂತು. ಅಲ್ಲಿಯವರೆಗೆ ಬಲಿಪೀಠದ ಕಡೆ ಮುಖಮಾಡಿ ಲ್ಯಾಟಿನ್ ಹೇಳುತ್ತಿದ್ದ ಗುರು, ಈಗ ಜನರ ಕಡೆ ತಿರುಗಿ ಕನ್ನಡ ಮಾತಾಡಬೇಕಾಯಿತು. ಈ ತಿರುವು ಆಗದಿದ್ದರೆ ದೇವದುರ್ಗದ ಕೇರಿಯಲ್ಲಿ ಇವರಿಗೆ ಮಾತೇ ಇರುತ್ತಿರಲಿಲ್ಲ.

ದೇವದುರ್ಗ ಎಂದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ ಪಟ್ಟಿಯಲ್ಲಿ ದೇವದುರ್ಗ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಲಿಲ್ಲ, ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು, ಆಕಾಂಕ್ಷಿ ಜಿಲ್ಲೆಯ ಪಟ್ಟಿಯೂ ಬಂತು. ಅಂಕಿಗಳ ಹಿಂದೆ ಏನಿದೆ ಎಂದು ತಿಳಿಯಬೇಕಾದರೆ ದೇವದುರ್ಗ ತಾಲ್ಲೂಕಿನ ದೊಡ್ಡಿಗಳಿಗೆ ಹೋಗಬೇಕು. ಊರಿನಿಂದ ದೂರ, ಹೊಲಗಳ ನಡುವೆ ಹತ್ತಿಪ್ಪತ್ತು ಮನೆಗಳ ಗುಂಪು. ರಸ್ತೆ ಹೊಲದ ಬದುವಿನ ಮೇಲೆ ಹಾದುಹೋಗುತ್ತದೆ. ಐದನೆಯ ತರಗತಿಯ ಆಚೆಗೆ ಓದಬೇಕಾದ ಹುಡುಗಿ ಮೂರ್ನಾಲ್ಕು ಕಿಲೋಮೀಟರ್ ಒಬ್ಬಳೇ ನಡೆಯಬೇಕು. ಅಪ್ಪ–ಅವ್ವ ಬೇಡ ಎನ್ನುತ್ತಾರೆ. ಅವರನ್ನು ದೂರುವುದು ಸುಲಭ; ಆ ದಾರಿಯಲ್ಲಿ ನಾವು ನಮ್ಮ ಮಗಳನ್ನು ಕಳಿಸುತ್ತಿದ್ದೆವೇ?

ಹತ್ತಿ ಬಿಡಿಸುವ ಕಾಲದಲ್ಲಿ ಯಾವುದೇ ಹಳ್ಳಿಯ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿ. ಗಿಡದ ಎತ್ತರ ಮಕ್ಕಳ ಎದೆಮಟ್ಟಕ್ಕೆ ಬರುತ್ತದೆ, ಬಗ್ಗದೆ ಬಿಡಿಸಬಹುದು, ಬೆರಳು ಸಣ್ಣವು, ಕೂಲಿ ಕಡಿಮೆ. ಒಡೆದ ಕಾಯಿಯ ಒಣ ತುದಿ ಉಗುರಿನ ಬುಡಕ್ಕೆ ಚುಚ್ಚಿ ಚುಚ್ಚಿ ಕೈ ಬಿರುಸಾಗುತ್ತದೆ. ಪೆನ್ಸಿಲು ಹಿಡಿದ ಕೈಯನ್ನು ನೋಡಿಯೇ ಮೇಷ್ಟ್ರು ಈ ಮಗು ಎಲ್ಲಿಗೆ ಹೋಗಿತ್ತು ಎಂದು ಹೇಳಬಲ್ಲರು. ಸುಗ್ಗಿ ಮುಗಿದ ಮೇಲೆ ಗುಳೆ. ಗಂಟು ಮೂಟೆ ಕಟ್ಟಿ ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಕುಟುಂಬವೇ ಹೊರಡುತ್ತದೆ. ಹಾಜರಿ ಪುಸ್ತಕದಲ್ಲಿ ಗೈರಿನ ಗುರುತು ಸಾಲುಸಾಲಾಗಿ ಇಳಿಯುತ್ತದೆ, ಯುಗಾದಿಗೆ ಮರಳಿ ಬಂದ ಮಗು ಹಿಂದಿನ ಪಾಠವನ್ನೂ ಮರೆತಿರುತ್ತದೆ.

ಇಂಥ ದೇವದುರ್ಗಕ್ಕೆ ಬಂದವರು ಸಲೇಸಿಯನ್ನರು, ಅಂದರೆ ಡಾನ್ ಬಾಸ್ಕೋ ಸಭೆಯವರು. ಇವರು ಬಂದದ್ದು ಆಕಸ್ಮಿಕವಲ್ಲ ಎಂದು ನಾನು ತಿಳಿಯುತ್ತೇನೆ. 1980ರಲ್ಲಿ ಇದೇ ಸಭೆಯ ತರುಣ ವಿದ್ಯಾರ್ಥಿಗಳು ಬೆಂಗಳೂರಿನ ಬೀದಿ ಮಕ್ಕಳ ನಡುವೆ ಕೆಲಸ ಆರಂಭಿಸಿದರು. ‘ಬಾಸ್ಕೋ’ ಎಂದು ಎಲ್ಲರೂ ಕರೆಯುವ ಆ ಸಂಸ್ಥೆಯ ಪೂರ್ಣ ಹೆಸರು ಬೆಂಗಳೂರು ಓಣಿಯವರ ಸೇವಾ ಕೂಟ. ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಸಿಕ್ಕ ಹುಡುಗನನ್ನು ಯಾವ ಊರಪ್ಪಾ ಎಂದು ಕೇಳುತ್ತಾ ಹೋದರೆ ದಾರಿ ಉತ್ತರಕ್ಕೆ ತಿರುಗುತ್ತದೆ. ರಾಯಚೂರು 1871ರಲ್ಲಿ ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಬಂದು ಕೂಡಿದ ಊರು. ಇಲ್ಲಿಂದ ಯಾವ ದಿಕ್ಕಿಗೆ ಬೇಕಾದರೂ ಗಾಡಿ ಇದೆ. ಬೆಂಗಳೂರಿನಲ್ಲಿ ಮಗುವನ್ನು ಎತ್ತಿಕೊಳ್ಳುವುದರ ಜೊತೆಗೆ ಅದು ಮನೆ ಬಿಟ್ಟ ಜಾಗಕ್ಕೇ ಹೋಗಿ ನೆಲೆಸುವುದು ಸಹಜವಾದ ಮುಂದಿನ ಹೆಜ್ಜೆ. ದೇವದುರ್ಗದ ಕೇಂದ್ರ, ಬೆಂಗಳೂರಿನ ‘ಬ್ರೆಡ್ಸ್’ ಸಂಸ್ಥೆಯ ಬೆಂಬಲದೊಡನೆ ಹಳ್ಳಿಗಳಲ್ಲಿ ನಡೆಸಿದ ಮಕ್ಕಳ ಹಕ್ಕುಗಳ ಕೆಲಸವನ್ನು ನಾನು ಈ ಬೆಳಕಿನಲ್ಲೇ ನೋಡುತ್ತೇನೆ.

ಈ ಸಭೆಯ ಮೂಲಪುರುಷನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಆತನ ಬಾಲ್ಯ ದೇವದುರ್ಗದ ಹುಡುಗನಿಗೆ ಅಪರಿಚಿತವಲ್ಲ. ಜಾನ್ ಬಾಸ್ಕೋ 1815ರಲ್ಲಿ ಉತ್ತರ ಇಟಲಿಯ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದ. ಎರಡು ತುಂಬುವ ಮೊದಲೇ ತಂದೆ ತೀರಿಕೊಂಡ. ಹನ್ನೆರಡರ ವಯಸ್ಸಿನಲ್ಲಿ ಬೇರೆಯವರ ಹೊಲಮನೆಯಲ್ಲಿ ಕೂಲಿ ಆಳಾದ. ಮುಂದೆ ಗುರುವಾಗಿ ಟ್ಯೂರಿನ್ ನಗರಕ್ಕೆ ಬಂದಾಗ, ಹಳ್ಳಿಗಳಿಂದ ಕೂಲಿ ಹುಡುಕಿ ಬಂದ ಹುಡುಗರು ಇಟ್ಟಿಗೆ ಹೊರುತ್ತಾ ಬೀದಿಯಲ್ಲಿ ಮಲಗುವುದನ್ನು ಕಂಡ. ಅವರಿಗೆ ಉಪದೇಶ ಮಾಡಿದ ಗುರುಗಳು ಆ ಊರಿನಲ್ಲಿ ಬೇಕಾದಷ್ಟಿದ್ದರು. ಈತ 1846ರಲ್ಲಿ ತನ್ನ ತಾಯಿ ಮಾರ್ಗರೀಟಳನ್ನು ಹಳ್ಳಿಯಿಂದ ಕರೆದುಕೊಂಡು ಬಂದು ವಾಲ್ಡೊಕ್ಕೊ ಎಂಬಲ್ಲಿ ಮನೆ ಹೂಡಿದ. ಆ ತಾಯಿ ಸಾಯುವ ತನಕ, ಹತ್ತು ವರ್ಷ, ಕಂಡವರ ಮಕ್ಕಳಿಗೆ ಅಡುಗೆ ಮಾಡಿದಳು, ಅಂಗಿ ಹೊಲಿದಳು. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮಲಗುವ ಮುನ್ನ ಮಕ್ಕಳಿಗೆ ಎರಡು ಒಳ್ಳೆಯ ಮಾತು ಹೇಳುವ ರೂಢಿ ಅವಳಿಂದಲೇ ಶುರುವಾಯಿತು ಎನ್ನುತ್ತಾರೆ. ಸಲೇಸಿಯನ್ ಮನೆಗಳಲ್ಲಿ ಅದು ಈಗಲೂ ನಡೆಯುತ್ತದೆ. ಈ ‘ಗುಡ್ ನೈಟ್’ ಮಾತು ಎರಡು ಮೂರು ನಿಮಿಷದ್ದು; ದಿನದಲ್ಲಿ ನಡೆದ ಜಗಳ, ಸಿಕ್ಕ ಅಂಕ, ಯಾರದೋ ಮನೆಯ ಸುದ್ದಿ. ಅಪ್ಪ–ಅವ್ವ ಗುಳೆ ಹೋದ ಮಗುವಿಗೆ ಮಲಗುವ ಹೊತ್ತಿಗೆ ಒಬ್ಬ ದೊಡ್ಡವರ ದನಿ ಕೇಳುವುದು ಎಂಥ ದೊಡ್ಡ ವಿಷಯ ಎಂದು ಹಾಸ್ಟೆಲಿನಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಆತ ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತಲೂ ಮುಖ್ಯ. 1851–52ರ ಸುಮಾರಿಗೆ ಕೆಲಸ ಕಲಿಯುವ ಹುಡುಗರ ಪರವಾಗಿ ಅವರ ಯಜಮಾನರ ಜೊತೆ ಬರಹದ ಕರಾರು ಮಾಡಿಸಿದ. ಹೊಡೆಯಬಾರದು, ತಿದ್ದಬೇಕಾದರೆ ಬಾಯಿಮಾತಿನಲ್ಲಿ ತಿದ್ದಬೇಕು. ಕಸುಬಿಗೆ ಸಂಬಂಧವಿಲ್ಲದ ಚಾಕರಿ ಹೇಳಬಾರದು. ಹಬ್ಬದ ದಿನ ಬಿಡುವು ಕೊಡಬೇಕು. ಕೂಲಿ ಇಷ್ಟಿಷ್ಟು ಏರಬೇಕು. ಯಜಮಾನ, ಹುಡುಗ, ಹುಡುಗನ ಕಡೆಯವರು, ಡಾನ್ ಬಾಸ್ಕೋ ಸಹಿ ಹಾಕುತ್ತಿದ್ದರು. ದಾನ ಕೊಡುವವನು ಬಡವನ ಕೈ ನೋಡುತ್ತಾನೆ. ಕರಾರು ಬರೆಸುವವನು ಯಜಮಾನನ ಮುಖ ನೋಡಿ ಮಾತಾಡಬೇಕಾಗುತ್ತದೆ. ರಾಯಚೂರಿನ ಹತ್ತಿ ಹೊಲಕ್ಕೆ ಬೇಕಾದದ್ದು ಈ ಎರಡನೆಯ ಧೈರ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆ, 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಮ್ಮಲ್ಲಿವೆ. ಆ ಕಾಯ್ದೆಗಳನ್ನು ಹೊಲದ ಮಾಲೀಕನ ಎದುರು, ಗ್ರಾಮಸಭೆಯಲ್ಲಿ, ಗಟ್ಟಿಯಾಗಿ ಓದಿ ಹೇಳುವ ಒಬ್ಬ ವ್ಯಕ್ತಿ ಅದೇ ಊರಿನಲ್ಲಿ ಮನೆ ಮಾಡಿಕೊಂಡಿರಬೇಕು. ಸಂಜೆಯ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಮರಳುವವರ ಮಾತಿಗೆ ಆ ತೂಕ ಇರುವುದಿಲ್ಲ.

ಇನ್ನು ಮಾನ್ವಿ. ಇಲ್ಲಿ ಇರುವವರು ಯೇಸು ಸಭೆಯವರು, ಜೆಸ್ವಿಟರು. ಮಾನ್ವಿ ಪಟ್ಟಣದ ಲೊಯೋಲಾ ಶಿಕ್ಷಣ ಸಂಸ್ಥೆಗಳೂ ಹತ್ತಿರದ ಪನ್ನೂರಿನ ಕೇಂದ್ರವೂ ಈ ಶತಮಾನದ ಆರಂಭದಿಂದ ಬೆಳೆದವು. ದಲಿತರ, ಅದರಲ್ಲೂ ಮಾದಿಗ ಕೇರಿಗಳ ಮಕ್ಕಳ ಓದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇವರು. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಮಾನ್ವಿಯನ್ನು ಭತ್ತದ ಸೀಮೆ ಎಂದು ಎಲ್ಲರೂ ಕರೆಯುತ್ತಾರೆ. ನೀರು ಬಂದದ್ದು ಹೊಲ ಇದ್ದವರಿಗೆ. ಕೆಳಭಾಗದ ರೈತರಿಗೇ ನೀರು ಸರಿಯಾಗಿ ಮುಟ್ಟದಿದ್ದಾಗ, ಹೊಲವೇ ಇಲ್ಲದ ಕೇರಿಯವರಿಗೆ ದಕ್ಕಿದ್ದು ನಾಟಿಯ ಕೂಲಿ. ನೀರಾವರಿ ಆದ ತಾಲ್ಲೂಕಿನಲ್ಲಿ ಬಡತನ ಹೋಯಿತು ಎಂದು ತಿಳಿಯುವುದು ತಪ್ಪು; ಅದು ಕಣ್ಣಿಗೆ ಬೀಳುವುದು ಕಡಿಮೆಯಾಯಿತು, ಅಷ್ಟೇ.

ಜೆಸ್ವಿಟರು ಮಂಗಳೂರಿಗೆ ಬಂದದ್ದು 1878ರ ಡಿಸೆಂಬರ್ ಕೊನೆಯಲ್ಲಿ. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಒಂದು ಶತಮಾನ ಕರಾವಳಿಯ ಮಕ್ಕಳು ಅಲ್ಲಿ ಓದಿ ವಕೀಲರಾದರು, ಬ್ಯಾಂಕು ಕಟ್ಟಿದರು, ಕೊಲ್ಲಿ ದೇಶಗಳಿಗೆ ಹೋದರು. 1974–75ರಲ್ಲಿ ರೋಮಿನಲ್ಲಿ ನಡೆದ ಯೇಸು ಸಭೆಯ 32ನೇ ಮಹಾಧಿವೇಶನ, ವಿಶ್ವಾಸದ ಸೇವೆಯನ್ನು ನ್ಯಾಯದ ಕೆಲಸದಿಂದ ಬೇರ್ಪಡಿಸಲಾಗದು ಎಂದು ನಿರ್ಣಯಿಸಿತು. ಆ ನಿರ್ಣಯವನ್ನು ಗಂಭೀರವಾಗಿ ತೆಗೆದುಕೊಂಡ ಮೇಲೆ ಕರ್ನಾಟಕದ ಜೆಸ್ವಿಟರು ಮಂಗಳೂರಿನಲ್ಲೇ ಕೂತಿರುವುದು ಸಾಧ್ಯವಿರಲಿಲ್ಲ. ಕರಾವಳಿ ಪಡೆದದ್ದರಲ್ಲಿ ಒಂದು ಪಾಲು ಮಾನ್ವಿಗೆ ಸಲ್ಲಬೇಕಾಗಿತ್ತು. ಕರ್ನಾಟಕದ ಏಕೀಕರಣ 1956ರಲ್ಲಿ ಕಾಗದದ ಮೇಲೆ ಆಯಿತು. ಮಂಗಳೂರಿನ ಕಡೆಯ ಒಬ್ಬ ಗುರು ಮಾನ್ವಿಯ ಬಿಸಿಲಲ್ಲಿ ಇಪ್ಪತ್ತು ವರ್ಷ ಕಳೆದಾಗ ಅದರ ಒಂದು ತುಣುಕು ನೆಲದ ಮೇಲೂ ಆಗುತ್ತದೆ. 1934ರಲ್ಲಿ ನಿಜಾಮರ ಆಳ್ವಿಕೆಯ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಲು ಬಂದ ಪಂಜೆ ಮಂಗೇಶರಾಯರೂ ಆ ಕರಾವಳಿಯವರೇ. ಪಂಜೆಯವರು ಮಕ್ಕಳ ಮೇಷ್ಟ್ರು ಎಂಬುದನ್ನು ನೆನಪಿನಲ್ಲಿಡಿ.

ಮತಾಂತರದ ಪ್ರಶ್ನೆಯನ್ನು ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. ಆಮಿಷವನ್ನೋ ಬೆದರಿಕೆಯನ್ನೋ ಅದು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅನ್ನದ ತಟ್ಟೆಯ ಜೊತೆ ಷರತ್ತು ಇಟ್ಟರೆ ಅದು ಸೇವೆಯಲ್ಲ. ಆದರೆ ಈ ಶಾಲೆಗಳ ಬೆಂಚಿನ ಮೇಲೆ ಕೂತ ಮಕ್ಕಳಲ್ಲಿ ಬಹುಪಾಲು ಕ್ರೈಸ್ತರಲ್ಲ ಎಂಬ ಸರಳ ಸಂಗತಿಯನ್ನೂ ಗಮನಿಸಬೇಕು. ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗುವುದಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು. ಕ್ರೈಸ್ತ, ಮುಸ್ಲಿಂ ದಲಿತರ ವಿಷಯ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅಂದರೆ ಚರ್ಚಿಗೆ ಹೋದ ಕೇರಿಯ ಕುಟುಂಬ ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು: ವಿದ್ಯಾರ್ಥಿವೇತನ, ಮೀಸಲಾತಿ. ಊರಿನ ಕಣ್ಣಿನಲ್ಲಿ ಜಾತಿ ಮಾತ್ರ ಹಾಗೇ ಉಳಿಯುತ್ತದೆ. ಇಂಥ ಲೆಕ್ಕದ ಎದುರಿಗೂ ಒಬ್ಬ ಹೆಣ್ಣುಮಗಳು ಆ ಗುಡಿಯ ಮೆಟ್ಟಿಲು ಹತ್ತಿದರೆ, ಆಮಿಷ ಎಂಬ ಒಂದೇ ಮಾತಿನಲ್ಲಿ ಅವಳನ್ನು ಮುಗಿಸುವುದು ಅವಳ ಬುದ್ಧಿಗೆ ಮಾಡುವ ಅವಮಾನ.

ನನ್ನ ಆಕ್ಷೇಪಣೆ ಇರುವುದು ಬೇರೆ ಕಡೆ. ರಾಯಚೂರು ನಗರದಲ್ಲಿ ‘ಕಾನ್ವೆಂಟ್’ ಎಂದರೆ ಜನ ಮೊದಲು ತಿಳಿಯುವುದು ಇಂಗ್ಲಿಷ್ ಮಾಧ್ಯಮ, ಟೈ, ಬೂಟು, ಶುಲ್ಕ, ಪ್ರವೇಶಕ್ಕೆ ಸಾಲು. ಕನ್ಯಾಸ್ತ್ರೀಯರು ಕೂಡಿ ಬಾಳುವ ಮನೆಗೆ ಸಲ್ಲುತ್ತಿದ್ದ ಹೆಸರು ಮಧ್ಯಮ ವರ್ಗದ ಹಂಬಲಕ್ಕೆ ಅಂಟಿಕೊಂಡಿದೆ. ನಗರದ ಶಾಲೆಯ ಆದಾಯದಿಂದ ಹಳ್ಳಿಯ ಕೆಲಸ ನಡೆಯುತ್ತದೆ ಎಂಬ ಸಮಾಧಾನವನ್ನು ನಾನು ಬಲ್ಲೆ. 2020ರಲ್ಲಿ ವಿದೇಶಿ ದೇಣಿಗೆಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಹಣದ ಇಕ್ಕಟ್ಟು ಎಷ್ಟು ಎಂಬುದನ್ನೂ ಬಲ್ಲೆ. ಆದರೂ ಕೇಳುತ್ತೇನೆ: ಒಂದು ಮನೆಯ ಐವರಲ್ಲಿ ನಾಲ್ವರು ಬೆಳಗಿನಿಂದ ಸಂಜೆಯವರೆಗೆ ಶುಲ್ಕದ ಶಾಲೆಯ ಕಚೇರಿಯಲ್ಲಿ ಮುಳುಗಿದರೆ, ಕೇರಿಗೆ ಹೋಗುವವರು ಯಾರು? ಕಟ್ಟಡ ದೊಡ್ಡದಾದಷ್ಟೂ ಗೇಟು ದೊಡ್ಡದಾಗುತ್ತದೆ, ಗೇಟಿಗೆ ಕಾವಲುಗಾರ ಬರುತ್ತಾನೆ, ಹತ್ತಿ ಬಿಡಿಸಿ ಬಂದ ತಾಯಿ ಆ ಕಾವಲುಗಾರನನ್ನು ದಾಟುವುದಿಲ್ಲ.

ಮತ್ತೊಂದು ಮಾತು. ಮಾನ್ವಿ ಸೀಮೆಯ ಪೋತ್ನಾಳಿನಲ್ಲಿ ಜಾಗೃತ ಮಹಿಳಾ ಸಂಘಟನೆ ಎಂಬುದಿದೆ. ಕೂಲಿ ಮಾಡುವ ದಲಿತ ಹೆಣ್ಣುಮಕ್ಕಳೇ ಕಟ್ಟಿ ನಡೆಸುವ ಸಂಘ, ಚರ್ಚಿನದಲ್ಲ. ಮಿಷನರಿ ಮನೆಗಳು ತಮ್ಮ ಕೆಲಸವನ್ನು ಅಳೆಯಲು ಇಂಥ ಸಂಘವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಮೂವತ್ತು ವರ್ಷ ಸೇವೆ ಪಡೆದ ಕೇರಿಯಲ್ಲಿ ನಾಳೆ ಫಾದರ್, ಸಿಸ್ಟರ್ ಇಲ್ಲದಿದ್ದರೂ ಜನ ತಹಶೀಲ್ದಾರರ ಕಚೇರಿಗೆ ತಾವೇ ಹೋಗುವರೇ? ದೇವದಾಸಿ ನಿಷೇಧ ಕಾಯ್ದೆಯ ಹೆಸರು ಹೇಳಿ ತಮ್ಮ ಮಗಳನ್ನು ತಾವೇ ಉಳಿಸಿಕೊಳ್ಳುವರೇ? ಸೇವೆ ಪಡೆದವರು ಕೈಮುಗಿದು ನಿಲ್ಲುವುದನ್ನೇ ಕಲಿತಿದ್ದರೆ ಆ ಸೇವೆ ಅರ್ಧ ಮಾತ್ರ ಆಗಿದೆ.

ಯುವಕರ ಬಗ್ಗೆ ಹೇಳದೆ ಮುಗಿಸಲಾರೆ. ಸರ್ಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಹೆಣ್ಣುಮಕ್ಕಳಿಗೆ ಕಸ್ತೂರಬಾ ವಿದ್ಯಾಲಯಗಳಿವೆ, ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ಐಐಐಟಿ, ಹೊಸ ವಿಶ್ವವಿದ್ಯಾಲಯ ಎಲ್ಲ ಬಂದಿವೆ. ಕೊಠಡಿಯ ಕೊರತೆ ಮೊದಲಿನಷ್ಟಿಲ್ಲ. ಹದಿನಾರು ಹದಿನೇಳರ ಹುಡುಗನ ಪಕ್ಕ ಕೂತು, ಅವನು ಪಿಯುಸಿಯಲ್ಲಿ ಫೇಲಾದ ಸಂಜೆ ಅವನ ಮಾತು ಕೇಳಿಸಿಕೊಳ್ಳುವ ದೊಡ್ಡವರ ಕೊರತೆ ಇದೆ. ಡಾನ್ ಬಾಸ್ಕೋ ತನ್ನ ಶಿಕ್ಷಣ ಕ್ರಮದಲ್ಲಿ ಆಟದ ಬಯಲಿಗೆ ಶಾಲೆಯಷ್ಟೇ ಸ್ಥಾನ ಕೊಟ್ಟ. ಗುರುಗಳು ಬಿಡುವಿನ ಹೊತ್ತಿನಲ್ಲಿ ಹುಡುಗರ ನಡುವೆಯೇ ಇರಬೇಕೆಂದು ಹಠ ಹಿಡಿದ. ಸಂಜೆ ಐದಕ್ಕೆ ವಾಲಿಬಾಲ್ ಅಂಕಣದಲ್ಲಿ ಸಿಗುವ ಫಾದರ್‌ಗೆ ಹುಡುಗ ಹೇಳುವ ಮಾತು, ಕಚೇರಿಯ ಮೇಜಿನಾಚೆ ಕೂತ ಪ್ರಿನ್ಸಿಪಾಲರಿಗೆ ಹೇಳುವುದಿಲ್ಲ. ಅಂಥ ಒಂದು ಮಾತು ಹೊತ್ತಿಗೆ ಸರಿಯಾಗಿ ಒಬ್ಬರ ಕಿವಿಗೆ ಬಿದ್ದದ್ದರಿಂದ ಗುಳೆಯ ಬಸ್ಸು ಹತ್ತದೆ ಐಟಿಐ ಸೇರಿದವರು ಈ ಜಿಲ್ಲೆಯಲ್ಲಿ ಇದ್ದಾರೆ.

ನನಗೆ ತಿಳಿದಂತೆ ಈ ಮನೆಗಳ ಚರಿತ್ರೆಯನ್ನು ಕನ್ನಡದಲ್ಲಿ ಯಾರೂ ಬರೆದಿಲ್ಲ. ಒಂದೊಂದು ಮನೆಯಲ್ಲೂ ದಿನಚರಿಯ ಪುಸ್ತಕ ಇಡುವ ರೂಢಿ ಈ ಸಭೆಗಳಲ್ಲಿ ಇದೆ. ಮೊದಲು ಬಂದ ಸಿಸ್ಟರುಗಳಿಗೆ ವಯಸ್ಸಾಗಿದೆ, ಅವರಿಂದ ಅಕ್ಷರ ಕಲಿತ ಮೊದಲ ತಲೆಮಾರಿನವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ರಾಯಚೂರಿನ ವಿಶ್ವವಿದ್ಯಾಲಯದ ಕನ್ನಡ ಮತ್ತು ಇತಿಹಾಸ ವಿಭಾಗಗಳು ಮುದಗಲ್, ರಾಯಚೂರು, ದೇವದುರ್ಗ, ಮಾನ್ವಿ, ಪನ್ನೂರುಗಳಿಗೆ ವಿದ್ಯಾರ್ಥಿಗಳನ್ನು ಕಳಿಸಿ ಇವರೆಲ್ಲರ ಮಾತನ್ನು ಬರೆದಿಟ್ಟುಕೊಳ್ಳಬೇಕು. ಹೊಗಳಿದ್ದನ್ನೂ ತೆಗಳಿದ್ದನ್ನೂ, ಎರಡನ್ನೂ. ಆ ಕೆಲಸ ಈ ವರ್ಷವೇ ಶುರುವಾಗಲಿ ಎಂದು ಇಲ್ಲಿ ಕೂತಿರುವ ಪ್ರಾಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ.